ಚಳಿಗಾಲದ ಪ್ರವಾಸ ಮತ್ತು ಮಕ್ಕಳ ಪಾದರಕ್ಷೆ

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಸಡಗರ ಮೊದಲಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳಿಂದ ನಸುಕಿನಲ್ಲಿ ಹೊರಟ ಬಸ್ಸು ವಿಜಯಪುರವನ್ನು ಹಾದು ಬಾದಾಮಿಯತ್ತ ಸಾಗುತ್ತದೆ. ಅದರ ಬೆನ್ನಿಗೇ ಶ್ರೀ ಸಿದ್ಧರಾಮೇಶ್ವರರ ಸಂಕ್ರಾಂತಿ ಜಾತ್ರೆ. 68 ಲಿಂಗಗಳ ತೈಲಾಭಿಷೇಕಕ್ಕೆಂದು ನಂದಿಧ್ವಜಗಳು ಹೊರಟಾಗ ಅವುಗಳ ಹಿಂದೆ ಮಕ್ಕಳೊಡನೆ ನಡೆಯುವ ಕುಟುಂಬಗಳು ಅನೇಕ. ಬಟ್ಟೆ, ಬುತ್ತಿಗಳನ್ನು ಮೊದಲೇ ಅಣಿಗೊಳಿಸುವ ಪಾಲಕರು ಪಾದರಕ್ಷೆಯನ್ನು ಮಾತ್ರ ಹಿಂದಿನ ಸಂಜೆ ಅವಸರದಲ್ಲಿ ಕೊಳ್ಳುವುದುಂಟು. ಅದರ ಫಲವನ್ನು ಮಗುವಿನ ಹಿಮ್ಮಡಿ ಉಣ್ಣುತ್ತದೆ.

ನಮ್ಮ ಸೀಮೆಯ ಚಳಿ ಹಿಮಾಲಯದ ಚಳಿಯಲ್ಲ. ಬೆಳಗಿನ ಜಾವ ತಣ್ಣಗಾದ ಪಾದವೇ ಮಧ್ಯಾಹ್ನದ ಬಿಸಿಲಿಗೆ ಬೆವರುತ್ತದೆ. ಆದ್ದರಿಂದ ಬೆಚ್ಚಗಿಡುವ ಹೊಣೆಯನ್ನು ಕಾಲುಚೀಲಕ್ಕೂ ನಡೆಸುವ ಹೊಣೆಯನ್ನು ಬೂಟಿಗೂ ಒಪ್ಪಿಸುವುದು ಜಾಣತನ. ನಸುಕಿಗೆ ಉಣ್ಣೆ ಬೆರೆತ ಕಾಲುಚೀಲ, ಬಿಸಿಲೇರಿದ ಮೇಲೆ ತೆಳುವಾದದ್ದು, ಮರಳುವ ರಾತ್ರಿಗೆ ಒಣಗಿದ ಇನ್ನೊಂದು ಜೊತೆ ಇದ್ದರೆ ಸಾಕು. ಬೆವರಿನಿಂದ ತೊಯ್ದ ಕಾಲುಚೀಲ ಚಳಿಯನ್ನು ಹೆಚ್ಚಿಸುತ್ತದೆ. ಬೂಟು ಬಿಗಿಯಾದಷ್ಟೂ ಬೆಚ್ಚಗಿರುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಶಾಖವನ್ನು ಹಿಡಿದಿಡುವುದು ನಡುವೆ ನಿಂತ ಗಾಳಿ. ಬಿಗಿದಾಗ ಆ ಗಾಳಿಗೆ ಎಡೆಯಿಲ್ಲ, ರಕ್ತಸಂಚಾರಕ್ಕೂ ಅಡ್ಡಿ.

ಬೂಟು ಕೊಳ್ಳುವಾಗ ಮಗುವನ್ನು ಅಂಗಡಿಗೆ ಕರೆದೊಯ್ಯಿರಿ. ಹಗಲೆಲ್ಲ ಓಡಾಡಿದ ಪಾದ ಕೊಂಚ ಊದುವುದರಿಂದ ಸಂಜೆಯೇ ತಕ್ಕ ಹೊತ್ತು. ದಪ್ಪ ಕಾಲುಚೀಲ ತೊಡಿಸಿ, ಎರಡೂ ಪಾದಗಳಿಗೆ ಹಾಕಿಸಿ, ನಾಲ್ಕು ಹೆಜ್ಜೆ ನಡೆಸಿರಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು, ಹಿಮ್ಮಡಿ ಜಾರಬಾರದು. ಅಟ್ಟೆ ಬೆರಳುಗಳ ಬುಡದಲ್ಲಿ ಮಣಿಯಬೇಕು, ನಡುವೆ ಮಡಚಿಕೊಳ್ಳಬಾರದು. ಬಾದಾಮಿಯ ಗುಹಾಲಯಗಳ ಕಲ್ಲಿನ ಮೆಟ್ಟಿಲುಗಳನ್ನು ನೆನೆದು, ಅಟ್ಟೆಯ ತಳದಲ್ಲಿ ಆಳವಾದ ಗೀರುಗಳಿವೆಯೇ ಎಂದು ನೋಡಿರಿ. ಶಾಲೆಯ ಸಮವಸ್ತ್ರಕ್ಕೆ ಒಪ್ಪುವ ಬಣ್ಣವನ್ನೇ ಆರಿಸಿದರೆ ಒಂದೇ ಜೊತೆ ವರ್ಷವಿಡೀ ಬಳಕೆಗೆ ಬರುತ್ತದೆ. ಪ್ರವಾಸಕ್ಕೆ ಎರಡು ವಾರ ಮುಂಚೆಯೇ ತೊಡಿಸಿ ಪಳಗಿಸಿದರೆ ನೀರುಗುಳ್ಳೆಯ ಭಯವಿಲ್ಲ.

ಕೊಲ್ಹಾಪುರಿ ಚಪ್ಪಲಿ ನಮ್ಮ ಹೆಮ್ಮೆಯೇ ಸರಿ. ಅದರ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರ, ಕರ್ನಾಟಕಗಳ ತಲಾ 4 ಜಿಲ್ಲೆಗಳದ್ದು. ಸೊಲ್ಲಾಪುರವೂ ವಿಜಯಪುರವೂ ಅದರಲ್ಲಿ ಸೇರಿವೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋದಾಗ ಸುಲಭವಾಗಿ ಕಳಚಿಡಬಹುದು. ಆದರೆ ಚಳಿಯ ದೂರ ನಡಿಗೆಗೆ ಅದು ತಕ್ಕುದಲ್ಲ.

ಇನ್ನು ಕಾನೂನಿನ ಮಾತು. ಬಿಲ್ಲನ್ನು ಕೇಳಿ ಪಡೆಯಿರಿ. "ಮಾರಿದ ಸರಕನ್ನು ಹಿಂಪಡೆಯುವುದಿಲ್ಲ" ಎಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೂ ಅಂಜಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯನ್ನೇ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಮೊದಲು 1915 ಸಹಾಯವಾಣಿಗೆ ತಿಳಿಸಬಹುದು; ಕನ್ನಡದಲ್ಲಿಯೂ ಮಾತನಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಪುಣೆಯಲ್ಲಿ ಕೊಂಡಿದ್ದರೂ ಅಕ್ಕಲಕೋಟೆಯ ನಿವಾಸಿ ಸೊಲ್ಲಾಪುರದಲ್ಲಿಯೇ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಒಂದು ಎಚ್ಚರಿಕೆ: ಒಂದೇ ವಾರದಲ್ಲಿ ಅಟ್ಟೆ ಕಿತ್ತುಬಂದರೆ ಅದು ದೋಷ. ನಾವೇ ಆರಿಸಿ ತಂದ ಅಳತೆ ಮಗುವಿಗೆ ಹೊಂದದಿದ್ದರೆ ಅದು ಸರಕಿನ ದೋಷವಲ್ಲ. ಬದಲಿಸಿಕೊಡುವುದು ಅಂಗಡಿಯವರ ಸೌಜನ್ಯ. ಆದ್ದರಿಂದ ಮಗುವಿನ ಪಾದದ ಅಭಿಪ್ರಾಯವನ್ನು ಅಂಗಡಿಯಲ್ಲಿಯೇ ಕೇಳಿ, ಅನಂತರ ಹಣ ತೆರುವುದು ಒಳಿತು.