ಅಜ್ಜಿಯ ಮರೆವು, ಅಜ್ಜಿಯ ಕಾಫಿ

ವಿಜಯನಗರದ ನಮ್ಮಕ್ಕನಿಗೆ ಈಗ 71. ಹಾಲಿನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ ಎಲ್ಲ ಬಾಯಲ್ಲೇ ಇರುತ್ತಿತ್ತು. ಹೋದ ವರ್ಷ ಹಾಲು ಒಲೆಯ ಮೇಲಿಟ್ಟು ಮರೆಯುವುದು ಶುರುವಾಯಿತು. ಒಂದು ಸಂಜೆ ಮಾರುತಿ ಮಂದಿರಕ್ಕೆ ಹೋದವಳು ಮನೆಯ ದಾರಿ ತೋಚದೆ ರಸ್ತೆಯಲ್ಲೇ ನಿಂತಿದ್ದಳು. ವಯಸ್ಸಾಯಿತಲ್ಲ, ಅರಳುಮರಳು ಎಂದು ದೊಡ್ಡವರೆಲ್ಲ ಸುಮ್ಮನಾದೆವು. ನಾನೂ ಸುಮ್ಮನಾದೆ, ಸುಳ್ಳೇಕೆ ಹೇಳಲಿ.

ಸುಮ್ಮನಾಗದವನು ಏಳನೇ ತರಗತಿಯ ಮೊಮ್ಮಗ. "ಅಜ್ಜಿ ಏಪ್ರಿಲ್‌ನಲ್ಲೂ ಸ್ವೆಟರ್ ಹಾಕ್ಕೋತಾರೆ. ಧ್ವನಿ ಗೊಗ್ಗರಾಗಿದೆ. ಇದೂ ಮರೆವೇನಾ?" ಎಂದು ಕೇಳಿದ. ಈ ಮಾತು ಕಿವಿಗೆ ಬಿದ್ದದ್ದೇ, ಡಾಕ್ಟರು ರಕ್ತದಲ್ಲಿ ಟಿಎಸ್‌ಎಚ್ ನೋಡಿಸಿ ಎಂದರು. ಅಕ್ಕನ ಥೈರಾಯ್ಡ್ ತೀರಾ ಕಡಿಮೆ ಕೆಲಸ ಮಾಡುತ್ತಿತ್ತು.

ಮಕ್ಕಳೇ, ನಮ್ಮ ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಗ್ರಂಥಿಯೊಂದಿದೆ. ಊಟದಲ್ಲಿ ಬರುವ ಅಯೋಡಿನ್ ಹಿಡಿದು ಅದು ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್. ಅದು ಮಿದುಳಿಗೆ ಬಂದಾಗ, ನರಕೋಶಗಳ ಆಸರೆಗಿರುವ ನಕ್ಷತ್ರಾಕಾರದ ಕೋಶಗಳು ಒಂದು ಅಯೋಡಿನ್ ಕಳಚಿ, ಇನ್ನಷ್ಟು ಚುರುಕಾಗಿಸಿ ನರಕೋಶಗಳಿಗೆ ದಾಟಿಸುತ್ತವೆ. ಕಿತ್ತಳೆ ಸುಲಿದು ಮಗುವಿನ ಕೈಗೆ ಕೊಡುವ ಅಜ್ಜಿಯ ಹಾಗೆ. ದೊಡ್ಡವರಲ್ಲಿ ಈ ಹಾರ್ಮೋನು ಕಡಿಮೆಯಾದರೆ ಮಿದುಳು ಮಂಕಾಗುತ್ತದೆ. ಕೊರತೆ ತುಂಬಿಕೊಟ್ಟರೆ ಹಲವರಲ್ಲಿ ಚೇತರಿಸಿಕೊಳ್ಳುತ್ತದೆ.

ಎಳೆಗೂಸಿನ ಮಾತು ಬೇರೆ. ಇನ್ನೂ ಕಟ್ಟಿಕೊಳ್ಳುತ್ತಿರುವ ಮಿದುಳಿಗೆ ಅದು ಸಿಗದೆ ತಡವಾದರೆ ಆದ ನಷ್ಟ ಮರಳಿ ತುಂಬುವುದಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಗೆ ಚುಚ್ಚಿ ಹನಿ ರಕ್ತ ಪರೀಕ್ಷಿಸುವುದು ಇದಕ್ಕೂ ಹೌದು. ಮಲೆನಾಡಿನ ಹಿರಿಯರಿಗೆ ಗಳಗಂಡ ನೆನಪಿರಬಹುದು. ಅದೂ ಅಯೋಡಿನ್ ಕೊರತೆಯದೇ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಕೊಡುವ ಪ್ರಯೋಗ ಶುರು ಮಾಡಿದರು. ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಓದಿ ನೋಡಿ, 'ಅಯೋಡಿನ್‌ಯುಕ್ತ' ಎಂದಿರುತ್ತದೆ.

ಹಾಗೆಂದು ಎಲ್ಲ ಮರೆವೂ ಥೈರಾಯ್ಡಿನದಲ್ಲ. ಪರೀಕ್ಷೆಯಿಲ್ಲದೆ ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ ಅಜ್ಜಂದಿರೇ, ಅಜ್ಜಿಯರೇ. ಹೆಚ್ಚಾದರೆ ಎದೆಬಡಿತ ಏರುಪೇರಾಗುತ್ತದೆ, ಮೂಳೆಯೂ ಸವೆಯುತ್ತದೆ.

ಅಕ್ಕನ ಮನೆಯಲ್ಲಿ ಈಗ ಜಗಳ ಒಂದೇ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ ಇಲ್ಲ. ಕಾಫಿಯ ಜೊತೆ ಹೋದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಾದರೆ ನಾಲ್ಕು ಗಂಟೆ ಅಂತರ. ಆರಕ್ಕೆ ಮಾತ್ರೆ ಕೊಟ್ಟು ಮೊಮ್ಮಗ ಕಾಫಿ ಫಿಲ್ಟರ್ ಮುಂದೆ ಕಾವಲು ಕೂರುತ್ತಾನೆ. ಹೀಗೆ ನಾಲ್ಕು ತಿಂಗಳಾಯಿತು. ಮೊನ್ನೆ ಅಕ್ಕ ಫೋನ್ ಮಾಡಿ, ಹೋದ ದೀಪಾವಳಿಗೆ ನಾನು ಕೈಗಡ ತೆಗೆದುಕೊಂಡ ಎರಡು ಸಾವಿರ ಇನ್ನೂ ಬಂದಿಲ್ಲ ಎಂದಳು.