ಹಾಡಿದ ಮಕ್ಕಳ ಹೆಸರು ಕಾರ್ಡಿನಲ್ಲಿ ಯಾಕಿಲ್ಲ?

ಕಳೆದ ತಿಂಗಳು ಪಕ್ಕದ ಊರಿನ ಸಂಗೀತ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಬಾಗಿಲಲ್ಲೇ ಕೈಗೊಂದು ಕಾರ್ಡ್ ಕೊಟ್ಟರು. ದಪ್ಪ ಹಾಳೆ, ನಾಲ್ಕು ಬಣ್ಣ, ಮೇಲೆ ವೀಣೆ ಹಿಡಿದ ಸರಸ್ವತಿ.

ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ, ಅವರ ಪಕ್ಕದಲ್ಲಿ ಜರಿ ಲಂಗ ಉಟ್ಟ ಮೊಮ್ಮಗಳು. ಐದನೇ ತರಗತಿ ಇರಬೇಕು.

"ಯವ್ವಾ, ಇದರಾಗ ನಿನ್ನ ಹೆಸರು ಎಲ್ಲೈತಿ, ತೋರಸು" ಅಂದರು ಅಜ್ಜಿ.

ಹುಡುಗಿ ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಸನ್ಮಾನಿತರು. ನಾನೂ ಎಣಿಸಿದೆ, ಒಟ್ಟು 31 ಹೆಸರು. ಕಟ್ಟಕಡೆಗೆ ಒಂದೇ ಸಾಲು: 'ನಂತರ ಶಾಲೆಯ ಮಕ್ಕಳಿಂದ ಸಂಗೀತ ಕಾರ್ಯಕ್ರಮ.'

"ಮಕ್ಕಳು ಅಂತ ಐತಲ್ಲ ಆಯಿ, ಅದರಾಗ ನಾನೂ ಬಂದೆ" ಅಂದಳು ಹುಡುಗಿ.

ಆಕೆಗೆ ಬೇಸರವೇನೂ ಆಗಿರಲಿಲ್ಲ. ಬೇಸರ ಆಗಿದ್ದು ನನಗೆ. ವರ್ಷವಿಡೀ ವಾರಕ್ಕೆರಡು ದಿನ ಬಸ್ ಹತ್ತಿ ಬಂದು ಸ್ವರ ತಿದ್ದಿಕೊಂಡವಳು ಆಕೆ. ಹತ್ತು ನಿಮಿಷ ಕೂತು ಎದ್ದು ಹೋಗುವವರ ಹೆಸರು ದಪ್ಪಕ್ಷರದಲ್ಲಿದೆ, ಆಕೆಯದ್ದು ಎಲ್ಲೂ ಇಲ್ಲ. ತಬಲಾ ಸಾಥ್ ಕೊಟ್ಟ ಹುಡುಗ, ಹಾರ್ಮೋನಿಯಂ ನುಡಿಸಿದವರು, ತಂಬೂರಿ ಹಿಡಿದು ಎರಡು ತಾಸು ಹಿಂದೆ ಕೂತ ಹುಡುಗಿ, ಇವರಾರ ಹೆಸರೂ ಇಲ್ಲ.

ಶಾಲೆಯವರ ಕಷ್ಟವೂ ಸುಳ್ಳಲ್ಲ

ಕಾರ್ಯಕ್ರಮ ಮುಗಿದ ಮೇಲೆ ಗುರುಗಳನ್ನು ಕೇಳಿದೆ. ಅವರು ನೇರವಾಗಿಯೇ ಹೇಳಿದರು: "ತಮ್ಮಾ, ಪೆಂಡಾಲ್ ಒಬ್ಬರು ಕೊಟ್ಟಾರ, ಊಟ ಒಬ್ಬರು ಕೊಟ್ಟಾರ. ಒಂದು ಹೆಸರು ಬಿಟ್ಟರ ಮುಂದಿನ ವರ್ಷ ಅವರ ಬಾಗಲಾ ಬಂದ್. 40 ಹುಡುಗರ ಹೆಸರು ಎಲ್ಲಿ ಹಾಕಲಿ?"

ಈ ಮಾತಿಗೆ ಎದುರಾಡಲು ನನಗೆ ಬಾಯಿ ಬರಲಿಲ್ಲ. ಹಳ್ಳಿಯ ಸಂಗೀತ ಶಾಲೆ ನಡೆಯುವುದೇ ದಾನಿಗಳ ಕೈಯಿಂದ. ಅವರ ಹೆಸರು ಹಾಕುವುದು ಋಣ ನೆನೆಯುವ ರೀತಿ, ಅದು ತಪ್ಪಲ್ಲ.

ಆದರೆ ನಾವು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಕಾರ್ಡಿನ ಮೇಲೆ ಹೇರುತ್ತಿದ್ದೇವೆ. ಆಮಂತ್ರಣ ಪತ್ರಿಕೆ 'ಬನ್ನಿ' ಎಂದು ಕರೆಯಲು ಇರುವುದು. ಅದರಲ್ಲಿ ಗಣ್ಯರು, ದಾನಿಗಳು ಇರಲಿ. ಕಾರ್ಯಕ್ರಮದ ಹಾಳೆ ಬೇರೆ. ಬಂದು ಕೂತವರಿಗೆ ಈಗ ಯಾರು ಹಾಡುತ್ತಿದ್ದಾರೆ, ಏನು ಹಾಡುತ್ತಿದ್ದಾರೆ ಎಂದು ಹೇಳುವುದು ಅದರ ಕೆಲಸ. ಅದಕ್ಕೆ ಬಣ್ಣ ಬೇಡ, ದಪ್ಪ ಕಾಗದ ಬೇಡ. ಒಂದು ಎ4 ಹಾಳೆಯನ್ನು ಎರಡೂ ಬದಿ ಜೆರಾಕ್ಸ್ ಮಾಡಿಸಿ ನಡುವೆ ಮಡಚಿದರೆ ನಾಲ್ಕು ಪುಟ. ಹೆಚ್ಚಿನ ಮಕ್ಕಳು ಗುಂಪಿನಲ್ಲಿ ಹಾಡುವುದಾದರೆ 40 ಹೆಸರು ಹಿಡಿಸುತ್ತವೆ.

ಹೆಸರು ದೊಡ್ಡ ವಿಷಯವೇ?

ಹೌದು. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದರು. ಭಾರತದ ಮೊದಮೊದಲ ಧ್ವನಿಮುದ್ರಣಗಳಲ್ಲಿ ಅವೂ ಸೇರಿವೆ. ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಇದು ಯಾರ ದನಿ ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲಿ, ತಟ್ಟೆಯ ಮೇಲೆ ಸರಿಯಾದ ಹೆಸರು ಬರಲಿ ಎಂಬುದು ಉದ್ದೇಶ. ಅದೇ ಗೌಹರ್ ಜಾನ್ ಕೊನೆಗಾಲವನ್ನು ನಮ್ಮ ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡರು.

ಅಷ್ಟು ದೊಡ್ಡ ಗಾಯಕಿಯೇ ತಮ್ಮ ಹೆಸರನ್ನು ಹೇಳಿಕೊಳ್ಳಬೇಕಾಗಿತ್ತು. ನಮ್ಮ ಮಕ್ಕಳು ವೇದಿಕೆಯ ಮೇಲೆ ಹೆಸರು ಕೂಗಿಕೊಳ್ಳಲಾರರು. ಅವರ ಪರವಾಗಿ ಹಾಳೆಯೇ ಹೇಳಬೇಕು.

ಹಾಳೆಯಲ್ಲಿ ಏನಿರಬೇಕು?

ಒಂದೊಂದು ಹಾಡಿಗೆ ಮೂರು ಸಾಲು ಸಾಕು. ಹೀಗೆ:

4. ಹಾಡುವವರ ಹೆಸರು, 6ನೇ ತರಗತಿ, ಊರು
ಪಿಳ್ಳಾರಿ ಗೀತೆ – ಮಲಹರಿ ರಾಗ, ರೂಪಕ ತಾಳ – ಪುರಂದರದಾಸರು
ಪಿಟೀಲು, ಮೃದಂಗ: ನುಡಿಸುವವರ ಹೆಸರು

ಮಗುವಿನ ಹೆಸರು ಮೊದಲು, ದಪ್ಪಕ್ಷರದಲ್ಲಿ. ಗುಂಪಿನಲ್ಲಿ ಹಾಡುವವರಿದ್ದರೆ ಎಲ್ಲರ ಹೆಸರೂ ಇರಲಿ, 'ಮತ್ತು ಸಂಗಡಿಗರು' ಬೇಡ. ಸಂಗಡಿಗರಿಗೂ ಮನೆಯಲ್ಲಿ ಕಾಯುವ ಅಜ್ಜಿ ಇರುತ್ತಾರೆ. ಇಡೀ ಕಾರ್ಯಕ್ರಮಕ್ಕೆ ಒಬ್ಬರೇ ಸಾಥ್ ಕೊಡುವುದಾದರೆ ಪ್ರತಿ ಹಾಡಿಗೂ ಬರೆಯದೆ ಮೊದಲ ಪುಟದಲ್ಲೇ ಹಾಕಿ.

ಒಬ್ಬೊಬ್ಬರ ಎದುರಿಗೂ ಗಂಟೆ-ನಿಮಿಷ ಬರೆಯಬೇಡಿ. ನಮ್ಮ ಕಡೆ ಉದ್ಘಾಟನೆಯೇ ಒಂದು ತಾಸು ತಡ. ಕ್ರಮಸಂಖ್ಯೆ ಇದ್ದರೆ ಸಾಕು, 'ನಮ್ಮ ಹುಡುಗಿ 12ನೇಯಾಕಿ' ಎಂದು ಮನೆಯವರಿಗೆ ಗೊತ್ತಾಗುತ್ತದೆ.

ಹಾಡು ಬರೆದವರ ಹೆಸರು ಬಿಡಬೇಡಿ. ಗೊತ್ತಿಲ್ಲದಿದ್ದರೆ 'ಜಾನಪದ' ಎಂದು ಬರೆದುಬಿಡುವ ಚಾಳಿ ನಮ್ಮಲ್ಲಿದೆ. ದಾಸರ ಪದ, ವಚನಗಳಲ್ಲಾದರೆ ಅಂಕಿತ ನೋಡಿದರೆ ತಿಳಿಯುತ್ತದೆ: ಪುರಂದರ ವಿಠಲ ಎಂದಿದ್ದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದಿದ್ದರೆ ಕನಕದಾಸರು, ಕೂಡಲಸಂಗಮದೇವ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿ, ಗುಹೇಶ್ವರ ಅಲ್ಲಮಪ್ರಭು. ಶಿಶುನಾಳ ಶರೀಫರ ತತ್ವಪದವನ್ನು ಸಿ. ಅಶ್ವತ್ಥ್ ಹಾಕಿದ ಧಾಟಿಯಲ್ಲಿ ಹಾಡಿದರೆ ಎರಡೂ ಹೆಸರು ಬರಲಿ. ಪದ ಒಬ್ಬರದು, ಧಾಟಿ ಇನ್ನೊಬ್ಬರದು.

ರಾಗದ ಹೆಸರನ್ನು ಗುರುಗಳೇ ಹೇಳಬೇಕು, ಮೊಬೈಲಿನಲ್ಲಿ ಹುಡುಕಿ ಹಾಕುವುದಲ್ಲ. ಹಿಂದುಸ್ತಾನಿ ಭೈರವಿ ಬೇರೆ, ಕರ್ನಾಟಕ ಸಂಗೀತದ ಭೈರವಿ ಬೇರೆ. ಹಿಂದುಸ್ತಾನಿಯಲ್ಲಿ ಮಾಲಕಂಸ ಎನ್ನುವುದಕ್ಕೆ ಹತ್ತಿರದ್ದು ಕರ್ನಾಟಕದ ಹಿಂದೋಳ. ಆದರೆ ಹಿಂದುಸ್ತಾನಿಯ ಹಿಂದೋಲ್ ಮತ್ತೊಂದೇ ರಾಗ. ಎರಡೂ ಪದ್ಧತಿ ಕಲಿಸುವ ಶಾಲೆಯಾದರೆ ಯಾವುದೆಂದು ಬರೆಯಿರಿ.

ಡಿಟಿಪಿ ಅಂಗಡಿಯಲ್ಲಿ ಆಗುವ ಎಡವಟ್ಟು

ಹೆಸರು ತಪ್ಪಾಗುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು, ಶಾಲೆಯ ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ನೋಡಿ ಕನ್ನಡ ಮಾಡುವಾಗ ಲತಾ ಹೋಗಿ ಲಥಾ, ಸವಿತಾ ಹೋಗಿ ಸವಿಥಾ ಆಗುತ್ತದೆ. ಇದಕ್ಕೆ ಒಂದೇ ಮದ್ದು: ಪ್ರತಿ ಮಗುವೂ ತನ್ನ ಹೆಸರನ್ನು ತನ್ನ ಕೈಯಾರೆ ಕನ್ನಡದಲ್ಲಿ ಬರೆದುಕೊಡಲಿ.

ಎರಡನೆಯದು, ನಾವು ವಾಟ್ಸ್ಆ್ಯಪಿನಲ್ಲಿ ಕಳಿಸುವುದು ಯೂನಿಕೋಡ್ ಕನ್ನಡ. ಬಹಳಷ್ಟು ಅಂಗಡಿಗಳು ಇನ್ನೂ ನುಡಿಯ ಹಳೆಯ ಫಾಂಟಿನಲ್ಲಿ ಪುಟ ಕಟ್ಟುತ್ತವೆ. ನಾವು ಕಳಿಸಿದ್ದು ಅಲ್ಲಿ ಹಾಗೇ ಕೂರುವುದಿಲ್ಲ. ಒಂದೋ ಮತ್ತೆ ಟೈಪ್ ಮಾಡುತ್ತಾರೆ, ಇಲ್ಲವೇ ಪರಿವರ್ತಿಸುತ್ತಾರೆ. ಎರಡರಲ್ಲೂ ಒತ್ತಕ್ಷರ, ಅರ್ಕಾವತ್ತು, ದೀರ್ಘ ಜಾರುವ ಸಂಭವವಿದೆ. ಆದ್ದರಿಂದ ವಾಟ್ಸ್ಆ್ಯಪಿನಲ್ಲಿ ಸರಿ ಇತ್ತು ಎಂದು ನಂಬದೆ, ಅಚ್ಚಿಗೆ ಮೊದಲು ಒಂದು ಪ್ರತಿ ಕಾಗದದ ಮೇಲೆ ತೆಗೆಸಿ ನೋಡಿ.

ಪುಟ ಕಟ್ಟುವವರಿಗೆ ಇನ್ನು ನಾಲ್ಕು ಮಾತು ಹೇಳಿ. ಅಕ್ಷರ 14 ಪಾಯಿಂಟಿಗಿಂತ ಸಣ್ಣದು ಬೇಡ, ಓದುವವರಲ್ಲಿ ಕನ್ನಡಕದವರೇ ಹೆಚ್ಚು. ಸಾಲುಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಎರಡೂ ಅಂಚು ಸಮ ಮಾಡಬೇಡಿ, ಕನ್ನಡದ ಪದ ಉದ್ದ, ನಡುವೆ ಹಲ್ಲು ಬಿದ್ದಂತೆ ಜಾಗ ಬೀಳುತ್ತದೆ. ಎಡಕ್ಕೆ ಜೋಡಿಸಿದರೆ ಸಾಕು. ಅಕ್ಷರದ ಹಿಂದೆ ಸರಸ್ವತಿಯ ಚಿತ್ರ ಬೇಡ, ಮೊದಲ ಪುಟದ ಮೇಲ್ತುದಿಯಲ್ಲಿ ಚಿಕ್ಕದಾಗಿ ಇರಲಿ.

ಗಟ್ಟಿಯಾಗಿ ಓದಿ

ಕೊನೆಯ ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕೊಟ್ಟರು. ಅವರಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ನಿಮ್ಮೂರಲ್ಲಿ ಕಲಿಸುವ ಗುರುಗಳೂ ಕಣ್ಣು ಕಾಣದವರಿರಬಹುದು. ಅವರಿಗೆ ಅಚ್ಚಿನ ಕರಡನ್ನು ತೋರಿಸಿ 'ಸರಿ ಇದೆಯೇ' ಎಂದರೆ ಆಗದು. ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು.

ಕಣ್ಣಿದ್ದವರಿಗೂ ಇದೇ ಒಳ್ಳೆಯ ದಾರಿ. ಒಬ್ಬರು ಓದಬೇಕು, ಮಕ್ಕಳೆಲ್ಲ ಸುತ್ತ ಕೂತು ಕೇಳಬೇಕು. ತನ್ನ ಹೆಸರು ಬಂದಾಗ ಪ್ರತಿ ಮಗುವೂ ಹಾಳೆ ನೋಡಿ 'ಸರಿ ಐತಿ' ಅನ್ನಬೇಕು. ಅರ್ಧ ತಾಸಿನ ಕೆಲಸ. ಕಾರ್ಯಕ್ರಮದ ದಿನವೂ ನಿರೂಪಕರು ಅದೇ ಹಾಳೆ ಹಿಡಿದು ಓದಿದರೆ ಓದು ಬಾರದ ಹಿರಿಯರಿಗೂ ಎಲ್ಲ ತಿಳಿಯುತ್ತದೆ.

ಆ ದಿನ ಹುಡುಗಿ ಹಾಡಿ ಇಳಿದು ಬಂದಮೇಲೆ ಅಜ್ಜಿ ನನ್ನ ಜೇಬಿನ ಪೆನ್ನು ಕೇಳಿದರು. "ಇದರಾಗ ಆಕೀ ಹೆಸರು ಬರದು ಕೊಡಪಾ, ಟ್ರಂಕಿನ್ಯಾಗ ಇಡತೀನಿ" ಅಂದರು. 'ಸಂಗೀತ ಕಾರ್ಯಕ್ರಮ' ಎಂಬ ಸಾಲಿನ ಕೆಳಗೆ ಬೆರಳಗಲ ಜಾಗವಿತ್ತು. ಅಲ್ಲಿ ಬರೆದುಕೊಟ್ಟೆ.

ಉಳಿದ 39 ಮಕ್ಕಳ ಮನೆಗೆ ಹೋದ ಕಾರ್ಡಿನಲ್ಲಿ ಅದೂ ಇಲ್ಲ. ನಿಮ್ಮೂರಿನ ಶಾಲೆಯ ಕಾರ್ಯಕ್ರಮ ಮುಂದಿದ್ದರೆ ಗುರುಗಳನ್ನು ಇವತ್ತೇ ಕೇಳಿ. ಟೈಪ್ ಮಾಡುವ ಕೆಲಸ ನಾವು ಮಾಡಿಕೊಡುತ್ತೇವೆ ಎಂದೂ ಹೇಳಿ. ಮೊಬೈಲ್ ಹಿಡಿದ ಯಾವ ಹುಡುಗನಾದರೂ ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸ ಅದು.