ಕಾರೊಳಗಿನ ಕೆಸರಿಗೆ ಪೈಪ್ ಹಿಡೀಬೇಡಿ

ಅಕ್ಕಂದಿರಾ, ಚಿಕ್ಕಮ್ಮಂದಿರಾ, ಮಳೆ ಬಿದ್ದ ಮಾರನೇ ದಿನ ನಮ್ಮ ಮಂಚೇನಹಳ್ಳಿ ಸುತ್ತ ಯಾವ ಬೀದಿಗಾದ್ರೂ ಹೋಗಿ ನೋಡಿ. ಕಾರಿನ ನಾಲ್ಕೂ ಬಾಗಿಲು ತೆಗೆದಿಟ್ಟು, ಪೈಪ್ ಹಿಡಿದು ಒಳಗೇ ನೀರು ಬಿಡ್ತಾ ಇರ್ತಾರೆ. ಕೇಳಿದ್ರೆ "ಐದು ನಿಮಿಷದ ಕೆಲಸ" ಅಂತಾರೆ. ನಾನು ಹೇಳ್ತೀನಿ, ಅದು ಬೇಗನೂ ಅಲ್ಲ, ಕ್ಲೀನೂ ಅಲ್ಲ.

ಸೀರೆ ಅಂಚಿಗೆ ಕೆಸರು ಹಾರಿದ್ರೆ ನಾವೇನು ಮಾಡ್ತೀವಿ? ಒದ್ದೇಲೇ ಉಜ್ಜಿದ್ರೆ ಕಲೆ ಹರಡ್ತದೆ ಅಂತ ಒಣಗಿಸಿ, ಕೊಡವಿ, ಆಮೇಲೆ ಒಗೀತೀವಿ. ಸೀರೆಗೆ ಇರೋ ನ್ಯಾಯ ಕಾರಿಗೆ ಯಾಕಿಲ್ಲ? ನಮ್ಮದು ಕೆಮ್ಮಣ್ಣು. ಒದ್ದೆ ಇದ್ದಾಗ ಅಂಟ್ಕೊಂಡು ಬಿಡಲ್ಲ, ಒಣಗಿದ ಮೇಲೆ ಪುಡಿಯಾಗಿ ಉದುರ್ತದೆ. ಅದಕ್ಕೆ ನೀರು ಬಿಟ್ರೆ ರಾಡಿಯಾಗಿ ಕಾರ್ಪೆಟ್ ಬುಡಕ್ಕೆ ಇಳೀತದೆ. ಕಾರ್ಪೆಟ್ ಅಡಿಗೆ ಕಂಬಳಿಯಂಗೆ ಇನ್ನೊಂದು ಪದರ ಐತೆ. ಅದು ಕುಡಿದ ನೀರು ದಿನಗಟ್ಟಲೆ ಆರಲ್ಲ. ಬಾಗಿಲು ಹಾಕಿದ್ರೆ ಮುಗ್ಗಲು ವಾಸನೆ, ಕೆಳಗಿನ ತಗಡಿಗೆ ತುಕ್ಕು. ಎಷ್ಟೋ ಕಾರುಗಳಲ್ಲಿ ವೈರುಗಳೂ ಅಲ್ಲೇ ಹಾದು ಹೋಗಿರ್ತವೆ.

"ನೀರು ಬೀಳದಿದ್ರೆ ಶುದ್ಧ ಆದಂಗೆ ಅನ್ಸಲ್ಲ" ಅಂತ ನಮ್ಮಲ್ಲೇ ಕೆಲವರು ಅಂತಾರೆ. ಅಂಗಳಕ್ಕೆ ಆ ಮಾತು ಸರಿ. ಕಾರೊಳಗೆ ಬಚ್ಚಲು ಎಲ್ಲೈತ್ರಮ್ಮ, ನೀರು ಹೋಗೋಕೆ? ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿಗಿಂತ ಕೆಳಗಿಂದ ಎತ್ತಿದ ಬೋರ್ ನೀರನ್ನ ಮ್ಯಾಟಿಗೆ ಸುರಿಯೋದು ಯಾವ ಶುದ್ಧ?

ಬೇಗ ಆಗೋ ದಾರಿ ಇದು. ಮ್ಯಾಟುಗಳನ್ನ ಆಚೆ ತೆಗೀರಿ. ರಬ್ಬರಿನವಾದ್ರೆ ಆಚೇನೇ ತೊಳೆದು ಬಿಸಿಲಿಗೆ ಹಾಕಿ. ದಪ್ಪ ಕೆಸರನ್ನ ಹಳೇ ಎಟಿಎಂ ಕಾರ್ಡಲ್ಲಿ ಹೆರೆದು ತೆಗೀರಿ, ಉಜ್ಜಬೇಡಿ. ಬಾಗಿಲು ತೆಗೆದು ಒಣಗೋಕೆ ಬಿಡಿ, ಅಷ್ಟೊತ್ತು ನಿಮ್ಮ ಕೆಲಸ ನೋಡ್ಕೊಳ್ಳಿ. ಒಣಗಿದ ಮೇಲೆ ಬಟ್ಟೆ ಬ್ರಷ್ಷಲ್ಲಿ ಕೆದಕಿ, ಪೊರಕೇಲಿ ಗುಡಿಸಿ. ವ್ಯಾಕ್ಯೂಮ್ ಇದ್ರೆ ಇನ್ನೂ ಸಲೀಸು. ಕಲೆ ಉಳಿದ್ರೆ ಒಂದು ಮಗ್ ನೀರಿಗೆ ಚೂರು ಸೋಪಿನ ಪುಡಿ ಹಾಕಿ, ಅದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೇಲಿ ಒರೆಸಿ. ಮಗ್ ಅಂದೆ, ಬಕೆಟ್ ಅಲ್ಲ. ಕೈ ಆಡಿಸೋ ಕೆಲಸ ಹತ್ತು ನಿಮಿಷ, ಅಷ್ಟೇ.

ಇನ್ನೊಂದು ಕೆಟ್ಟ ಅಭ್ಯಾಸ ಐತೆ. ಕೆಸರಾಗ್ತದೆ ಅಂತ ಡ್ರೈವರ್ ಕಾಲಡಿ ಗೋಣಿಚೀಲ, ಪೇಪರು, ಮ್ಯಾಟ್ ಮೇಲೆ ಮ್ಯಾಟ್ ಹಾಸೋದು. ಅದು ಜಾರಿ ಪೆಡಲ್ ಕೆಳಗೆ ಸೇರಿದ್ರೆ ಬ್ರೇಕ್ ಒತ್ತೋದೆಂಗೆ? 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಂಪನಿ ಲಕ್ಷಗಟ್ಟಲೆ ಕಾರುಗಳಿಗೆ ಎಚ್ಚರಿಕೆ ಕೊಟ್ಟು ಸರಿಮಾಡಬೇಕಾಗಿ ಬಂದಿದ್ದು, ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಾಕೊಳ್ಳೋ ಅಪಾಯದಿಂದಲೇ. ಹಿಂದಿನ ಸೀಟಲ್ಲಿ ಏನಾದ್ರೂ ಹಾಸ್ಕೊಳ್ಳಿ, ಡ್ರೈವರ್ ಕಾಲಡಿ ಒಂದೇ ಮ್ಯಾಟ್, ಅದೂ ಕೊಕ್ಕೆಗೆ ಸಿಕ್ಕಿಸಿದ್ದು.

ಕೊನೇದಾಗಿ, ಈ ಕೆಸರು ತಂದೋರು ಯಾರು, ತೆಗೆಯೋರು ಯಾರು? ರೇಷ್ಮೆ ಸಾಕೋ ಮನೆಯೋರಿಗೆಲ್ಲ ಗೊತ್ತು, ಹುಳದ ಮನೆಗೆ ಯಾವ ಗಂಡಸೂ ಹೊಲದ ಕಾಲಲ್ಲಿ ಹೋಗಲ್ಲ. ಚಪ್ಪಲಿ ಆಚೆ ಬಿಟ್ಟು, ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ತುಳಿದು, ಕೈ ತೊಳೆದೇ ಒಳಗೆ ಹೋಗೋದು. ಯಾಕಂದ್ರೆ ಹುಳ ಸತ್ರೆ ದುಡ್ಡು ಹೋಗ್ತದೆ. ಅದೇ ಗಂಡಸು ಮೊಣಕಾಲ್ವರೆಗೂ ಕೆಸರಲ್ಲಿ ಬಂದು ಕಾರು ಹತ್ತಿ, ಮನೆಗೆ ಬಂದು ಕೀ ಎಸೆದು "ಒಸಿ ಕ್ಲೀನ್ ಮಾಡು" ಅಂತಾನೆ. ಹುಳಕ್ಕಿರೋ ಮರ್ಯಾದೆ ನಮ್ಮ ರಟ್ಟೆಗಿಲ್ವಾ?

ಡಿಕ್ಕೀಲಿ ಒಂದು ಗೋಣಿಚೀಲ, ಒಂದು ಜೊತೆ ಒಣ ಚಪ್ಪಲಿ ಇಟ್ಟು ಕಳಿಸಿ. ಕಾಲು ಒರೆಸ್ಕೊಂಡು, ಚಪ್ಪಲಿ ಬದಲಾಯಿಸಿ ಕಾರು ಹತ್ತಲಿ. ಹತ್ತದಿದ್ರೆ ಬ್ರಷ್ಷೂ ಕೀ ಜೊತೇಲೇ ಅವರ ಕೈಗೆ ಕೊಡಿ.